ಅಮ್ಮನ ಬಚ್ಚಲಿಗೆ ಗೀಸರ್ ಬಂತು

ತೀರ್ಥಹಳ್ಳಿ ಮನೆಯಲ್ಲಿ ಈವರೆಗೆ ಹಂಡೆ ಒಲೆಯೇ. ರಾತ್ರಿ ಅಡಿಕೆ ಸಿಪ್ಪೆ ತುಂಬಿದರೆ ಬೆಳಗಿನವರೆಗೂ ಕೆಂಡ ಇರುತ್ತಿತ್ತು. ಆದರೆ ಅಮ್ಮನಿಗೆ ಈಗ ಬಗ್ಗಿ ಒಲೆ ಊದುವುದು ಕಷ್ಟ. ಹಾಗಾಗಿ ಕಳೆದ ತಿಂಗಳು 15 ಲೀಟರಿನ ಗೀಸರ್ ಹಾಕಿಸಿದೆ.

ಗೀಸರ್‌ಗೆ 7,800 ರೂಪಾಯಿ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಎಲೆಕ್ಟ್ರಿಷಿಯನ್ ಬಂದು ಸ್ವಿಚ್ ಬೋರ್ಡ್ ನೋಡಿ ನಕ್ಕ. ಅಲ್ಲಿದ್ದದ್ದು 6 ಆಂಪಿಯರ್ ಸಾಕೆಟ್. 2,000 ವ್ಯಾಟಿನ ಗೀಸರ್ ಸುಮಾರು 9 ಆಂಪಿಯರ್ ಎಳೆಯುತ್ತದೆ. "ಇದಕ್ಕೇ ಹಾಕಿದ್ರೆ ವೈರ್ ಕರಗಿ ಹೋಗ್ತದೆ ಮಾರಾಯ್ರೆ" ಅಂದ. ಮೇನ್ ಬೋರ್ಡಿನಿಂದ ಬೇರೆಯೇ ವೈರ್ ಎಳೆದು 16 ಆಂಪಿಯರ್ ಸಾಕೆಟ್, ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಸ್ವಿಚ್) ಹಾಕಿದ. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿ ಒಣಗಿಹೋಗಿತ್ತು, ಅದನ್ನೂ ಸರಿಮಾಡಿಸಿದೆ. ಇದರಲ್ಲಿ ಮಾತ್ರ ಸುಮ್ನೆ ದುಡ್ಡು ಉಳಿಸೋಕೆ ಹೋಗಬೇಡಿ. ಎಲ್ಲ ಸೇರಿ 4,200 ಆಯಿತು. ಬಿಸಿನೀರಿಗೆ ಸಾದಾ ಪಿವಿಸಿ ಪೈಪ್ ಆಗಲ್ಲ, ಬಿಸಿ ತಡೆಯುವ ಸಿಪಿವಿಸಿಯೇ ಬೇಕು. ಪೈಪು, ಪ್ಲಂಬರ್ ಕೂಲಿ ಇನ್ನೊಂದು 1,900. ಅಂತೂ 13,900 ಕೈಬಿಟ್ಟಿತು.

ತುಂಬಿದ ನೀರು 25 ಡಿಗ್ರಿಯಿಂದ 60ಕ್ಕೆ ಬರಲು ಹೆಚ್ಚುಕಮ್ಮಿ 20 ನಿಮಿಷ. ಮುಕ್ಕಾಲು ಯೂನಿಟ್ ಕೂಡ ಆಗುವುದಿಲ್ಲ. ಸೋಲಾರ್ ಯಾಕಿಲ್ಲ ಅಂತೀರಾ? ನಮ್ಮ ಮಳೆಗಾಲ ನೋಡಿದವರು ಹಾಗೆ ಕೇಳಲ್ಲ, ಅಲ್ವಾ!

ಮೊದಲ ದಿನ ಸ್ನಾನ ಮುಗಿಸಿ ಬಂದ ಅಮ್ಮ, "ನೀರೇನೋ ಬಿಸಿ ಇದೆ, ಹೊಗೆ ವಾಸನೆನೇ ಇಲ್ಲ ನೋಡು" ಅಂದರು. ಭಾನುವಾರದ ಎಣ್ಣೆಸ್ನಾನಕ್ಕೆ ಈಗಲೂ ಹಂಡೆಯೇ.