ಎಸಿ ಇದ್ದ ಮನೆಗೂ ಬೂಷ್ಟು

ನಮ್ಮಣ್ಣ ಮೂಡಿಗೆರೆ ಹತ್ತಿರ ಹೊಸ ಮನೆ ಕಟ್ಟಿಸುತ್ತಿದ್ದಾನೆ. ಇಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ನಮ್ಮ ಮನೆಗೆ ಡಿಹ್ಯುಮಿಡಿಫೈಯರ್, ಅಂದರೆ ಗಾಳಿಯ ತೇವ ತೆಗೆಯುವ ಯಂತ್ರ, ಹಾಕಿಸಿದ್ದು ಗೊತ್ತಾಗಿ, "ಅದನ್ನೇ ನಮ್ಮನೆಗೂ ಹಾಕಿಸಬಹುದಲ್ಲ ಮಾರಾಯ, ಮಳೆಗಾಲದಲ್ಲಿ ಒಂದು ಬಟ್ಟೆ ಒಣಗಲ್ಲ" ಅಂದ. ಆಗಲ್ಲ ಅಂದೆ. ಯಾಕೆ ಆಗಲ್ಲ ಅನ್ನುವುದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಕೊಪ್ಪದ ಭಾವನೂ ಅದನ್ನೇ ಕೇಳಿದ್ದಾರೆ, ಅದಕ್ಕೆ ಇಲ್ಲೇ ಬರೆದುಬಿಡುತ್ತೇನೆ.

ಮೊದಲು ಇಲ್ಲಿನ ಕಥೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕಾಲಿಟ್ಟರೆ ಅಂಟು ಅಂಟು ಸೆಕೆ. ಮನೆಗಳ ಕಿಟಕಿ ಯಾವಾಗಲೂ ಮುಚ್ಚಿರುತ್ತದೆ. ಚಳಿಗಾಲದ ಬಿಸಿ ಗಾಳಿ, ಬೇಸಿಗೆಯ ತಂಪು ಗಾಳಿ ಎರಡೂ ಒಂದೇ ಡಕ್ಟಿನಲ್ಲಿ, ಅಂದರೆ ಗಾಳಿ ಸಾಗಿಸುವ ಕೊಳವೆಯಲ್ಲಿ, ಎಲ್ಲ ರೂಮಿಗೂ ಹೋಗುತ್ತದೆ. ಇಷ್ಟೆಲ್ಲ ಇದ್ದೂ ವಾರ್ಡ್‌ರೋಬಿನ ಮೂಲೆಯಲ್ಲಿ ನೇತುಹಾಕಿದ್ದ ಚರ್ಮದ ಬೆಲ್ಟಿನ ಮೇಲೆ ಬೆಳ್ಳಗೆ ಪುಡಿ. ತೂತುಗಳ ಸುತ್ತ ಜಾಸ್ತಿ, ಬಕಲ್ ಹತ್ತಿರ ಸ್ವಲ್ಪ ಹಸಿರು. ಬೆರಳಲ್ಲಿ ಒರೆಸಿದರೆ ಹೋಗುತ್ತದೆ, ಕೆಲವು ದಿನ ಬಿಟ್ಟು ಮತ್ತೆ ಹಾಜರು. ಮಲೆನಾಡಿನವರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ ಅಲ್ವಾ?

ಎಸಿ ಇದ್ದೂ ಹೀಗ್ಯಾಕೆ? ಎಸಿ ಗಾಳಿಯನ್ನು ತಂಪು ಮಾಡುವಾಗ ನೀರನ್ನೂ ತೆಗೆಯುತ್ತದೆ, ಅದು ನಿಜ. ಒಳಗಿನ ತಣ್ಣನೆಯ ಕಾಯಿಲ್ (ಸುರುಳಿ ಕೊಳವೆ) ಮೇಲೆ ಗಾಳಿಯ ತೇವ ಹನಿಗಟ್ಟಿ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಆದರೆ ಎಸಿ ನೋಡುವುದು ಡಿಗ್ರಿಯನ್ನು ಮಾತ್ರ. 24ಕ್ಕೆ ಇಟ್ಟಿದ್ದರೆ, 24 ಬಂತು ಅಂದ ಕೂಡಲೇ ಕಂಪ್ರೆಸರ್ ಬಂದ್. ಮಳೆ ಹಿಡಿದ ದಿನ, ಮೋಡ ಕವಿದ ರಾತ್ರಿ, ಏಪ್ರಿಲ್ ಅಥವಾ ಅಕ್ಟೋಬರಿನ ಹಿತವಾದ ಹವೆ, ಆಗೆಲ್ಲ ತಂಪು ಬೇಕಾಗಿಲ್ಲವಾದ್ದರಿಂದ ಎಸಿ ಓಡುವುದೇ ಅಪರೂಪ, ತೇವ ಮಾತ್ರ ಒಳಗೇ ಕೂತಿರುತ್ತದೆ. ಮನೆಗೆ ಬೇಕಾದ್ದಕ್ಕಿಂತ ದೊಡ್ಡ ಎಸಿ ಹಾಕಿದ್ದರಂತೂ ಇನ್ನೂ ಕಷ್ಟ. ಬೇಗ ಬೇಗ ತಂಪು ಮಾಡಿ ನಿಂತುಬಿಡುತ್ತದೆ, ನೀರು ತೆಗೆಯಲು ಅದಕ್ಕೆ ಪುರುಸೊತ್ತೇ ಇಲ್ಲ. ಫ್ಯಾನನ್ನು ಆಟೋದಲ್ಲಿ ಇಡದೆ ಸದಾ ಆನ್ ಇಟ್ಟರೆ ಕಾಯಿಲ್ ಮೇಲೆ ಉಳಿದ ನೀರನ್ನು ಅದೇ ಮತ್ತೆ ಮನೆಯೊಳಗೆ ಊದುತ್ತದೆ.

ತಮಾಷೆ ಅಂದರೆ ಎಸಿ ಹುಟ್ಟಿದ್ದೇ ತೇವದ ಕಾಟಕ್ಕೆ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ, ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಕೂರುತ್ತಿರಲಿಲ್ಲವಂತೆ. ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರ್ ಅದಕ್ಕೊಂದು ಯಂತ್ರ ಯೋಚಿಸಿದ. ಮನುಷ್ಯರನ್ನು ತಂಪಾಗಿಡುವ ಕೆಲಸ ಆಮೇಲೆ ಬಂತು.

ಡಿಹ್ಯುಮಿಡಿಫೈಯರ್ ನೋಡುವುದು ತೇವದ ಪರ್ಸೆಂಟನ್ನು. ಅದರಲ್ಲೂ ತಣ್ಣನೆಯ ಕಾಯಿಲ್ ಇದೆ, ನೀರು ಅಲ್ಲಿ ಇಳಿಯುತ್ತದೆ. ಆದರೆ ಆ ಗಾಳಿ ಅಲ್ಲೇ ಬಿಸಿ ಕಾಯಿಲ್ ಮೇಲೂ ಹಾದು, ಒಣಗಿ, ಸ್ವಲ್ಪ ಬೆಚ್ಚಗಾಗಿ ಹೊರಗೆ ಬರುತ್ತದೆ. ನಮ್ಮದು ದಿನಕ್ಕೆ 98 ಪಿಂಟ್ ತೆಗೆಯುವ ಯಂತ್ರ, ಅಂದರೆ ಸುಮಾರು 46 ಲೀಟರ್. ತೇವವನ್ನು 50 ಪರ್ಸೆಂಟಿಗೆ ಇಟ್ಟಿದ್ದೇನೆ. 60 ದಾಟಿದರೆ ಬೂಷ್ಟಿಗೆ ಹಬ್ಬ.

ಯಂತ್ರ ಕೊಳ್ಳುವುದಕ್ಕಿಂತ ಅದನ್ನು ಎಲ್ಲಿ ಸೇರಿಸುತ್ತಾರೆ ಅನ್ನುವುದೇ ಮುಖ್ಯ. ಮೊದಲು ಬಂದ ಕಂಟ್ರಾಕ್ಟರ್, ಒಣಗಿದ ಗಾಳಿಯನ್ನು ಎಸಿಗೆ ವಾಪಸ್ ಹೋಗುವ ಡಕ್ಟಿಗೇ ಬಿಡುತ್ತೇನೆ, ಕೆಲಸ ಸುಲಭ, ದುಡ್ಡೂ ಕಡಿಮೆ ಅಂದ. ಹಾಗೆ ಮಾಡಿದರೆ ಆ ಒಣ ಗಾಳಿ ಎಸಿಯ ಒದ್ದೆ ಕಾಯಿಲ್ ಮೇಲೆ ಹಾದು ಮತ್ತೆ ನೀರು ಕುಡಿಯುತ್ತದೆ. ಕಣದಲ್ಲಿ ಒಣಗಿಸಿದ ಕಾಫಿಯನ್ನು ರಾತ್ರಿ ಮಂಜಿಗೆ ಹರವಿದ ಹಾಗೆ. ಅವನಿಗೆ ಬೇಡ ಅಂದು ಇನ್ನೊಬ್ಬನನ್ನು ಕರೆಸಿದೆ. ಅವನು ಮನೆ ಮಧ್ಯದ ಹಜಾರದಿಂದ ಗಾಳಿ ಎಳೆಯಲು ಬೇರೆಯೇ ಡಕ್ಟ್ ಹಾಕಿ, ಒಣ ಗಾಳಿಯನ್ನು ಕಾಯಿಲ್ ದಾಟಿದ ಮೇಲೆ, ರೂಮುಗಳಿಗೆ ಹೋಗುವ ಡಕ್ಟಿಗೆ ಸೇರಿಸಿದ. ಎಸಿಯ ಗಾಳಿ ಹಿಂದಕ್ಕೆ ನುಗ್ಗದಂತೆ ನಡುವೆ ಒಂದು ತಗಡಿನ ಮುಚ್ಚಳ, ಒಂದೇ ಕಡೆಗೆ ತೆರೆಯುವಂಥದ್ದು. ಯಂತ್ರ ಕೂತಿದ್ದು ಸೂರಿನ ಕೆಳಗಿನ ಅಟ್ಟದಲ್ಲಿ. ಅದರಡಿ ಅಗಲವಾದ ಟ್ರೇ, ಟ್ರೇಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ತೇಲುವ ಸ್ವಿಚ್ಚು. ಡ್ರೈನ್ ಕಟ್ಟಿಕೊಂಡು ಟ್ರೇಯಲ್ಲಿ ನೀರು ನಿಂತರೆ ಸ್ವಿಚ್ಚು ಮೇಲೆದ್ದು ಯಂತ್ರ ತಾನೇ ನಿಲ್ಲುತ್ತದೆ. ಇದೊಂದು ಇಲ್ಲದಿದ್ದರೆ ಸೀಲಿಂಗ್ ಕಥೆ ಮುಗಿದ ಹಾಗೆಯೇ.

ಮೊದಲ ಕೆಲವು ದಿನ ಅದು ನಿಲ್ಲಲೇ ಇಲ್ಲ. ಗಾಳಿಯಲ್ಲಿ ಇರುವ ನೀರು ಎಷ್ಟು ಮಹಾ, ಹಾಸಿಗೆ, ಕಾರ್ಪೆಟ್, ಮರ, ಪುಸ್ತಕ ಎಲ್ಲವೂ ಕುಡಿದಿಟ್ಟುಕೊಂಡಿದ್ದನ್ನು ಬಿಡಬೇಕಲ್ಲ. ಈಗ 25 ಡಿಗ್ರಿ ಇದ್ದರೂ ಸೆಕೆ ಅನ್ನಿಸುವುದಿಲ್ಲ. ಕರೆಂಟ್ ಬಿಲ್ ಇಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಲೀಟರ್ ನೀರು ಇಳಿಯುವಾಗ ಸುಮಾರು 0.7 ಯೂನಿಟ್‌ನಷ್ಟು ಶಾಖ ಮನೆಗೇ ಸೇರುತ್ತದೆ, ಅದನ್ನು ಮತ್ತೆ ಎಸಿಯೇ ಹೊರಹಾಕಬೇಕು. ಚಳಿಗಾಲದಲ್ಲಿ ಎಲ್ಲ ಉಲ್ಟಾ, ಹೀಟರಿಗೆ ಗಾಳಿ ಒಣಗಿ ತುಟಿ ಒಡೆಯುತ್ತದೆ, ಆಗ ಇದಕ್ಕೆ ರಜೆ.

ಈಗ ಮೂಡಿಗೆರೆ. ಇಲ್ಲಿ ಇದು ಕೆಲಸ ಮಾಡುವುದು ಮನೆ ಬಿಗಿಯಾಗಿ ಮುಚ್ಚಿರುವುದರಿಂದ. ನಮ್ಮ ಕಡೆ ಹಂಚಿನ ಸಂದಿ, ಜಾಲರಿ ಕಿಂಡಿ, ಬೆಳಗಿನಿಂದ ರಾತ್ರಿವರೆಗೆ ತೆರೆದೇ ಇರುವ ಮುಂಬಾಗಿಲು. ಒಳಗೆ ಎಷ್ಟು ನೀರು ತೆಗೆದರೂ ಚಾರ್ಮಾಡಿ ಕಡೆಯಿಂದ ಬರುವ ಮೋಡ ಅಷ್ಟನ್ನೂ ವಾಪಸ್ ತಂದು ತುಂಬುತ್ತದೆ. ಡಕ್ಟಂತೂ ಇಲ್ಲವೇ ಇಲ್ಲ.

ಹಳೇ ಮನೆಯಲ್ಲಿ ಆ ಕೆಲಸ ಮಾಡುತ್ತಿದ್ದದ್ದು ಬಚ್ಚಲ ಒಲೆ. ಬೆಂಕಿ ನೀರನ್ನು ತೆಗೆಯುವುದಿಲ್ಲ, ಆದರೆ 20 ಡಿಗ್ರಿಯಲ್ಲಿ 90 ಪರ್ಸೆಂಟ್ ತೇವ ಇರುವ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ ಅದೇ ಗಾಳಿ 50 ಪರ್ಸೆಂಟ್ ತೋರಿಸುತ್ತದೆ. ಹಂಡೆಯ ಮೇಲಿನ ಗಳುವಿನಲ್ಲಿ ಬಟ್ಟೆ ಒಣಗುತ್ತಿದ್ದದ್ದು ಅದಕ್ಕೇ. ಗ್ಯಾಸ್ ಗೀಸರ್ ಬಂದ ಮೇಲೆ ಮನೆಯಲ್ಲಿ ಥಂಡಿ ಜಾಸ್ತಿಯಾಯಿತು ಅಂತ ಅತ್ತಿಗೆ ಹೇಳುವುದು ಸುಮ್ನೆ ಅಲ್ಲ.

ಅಣ್ಣನಿಗೆ ನಾನು ಹೇಳಿದ್ದು ಒಂದೇ ರೂಮು ಸಾಕು ಅಂತ. ಬೀರು, ಹಾಸಿಗೆ, ಪುಸ್ತಕ, ರೇಷ್ಮೆ ಸೀರೆ ಎಲ್ಲ ಅಲ್ಲಿರಲಿ, ಕಾಂಕ್ರೀಟ್ ಸೂರು, ಬಿಗಿಯಾದ ಬಾಗಿಲು, ಅಲ್ಲಿಗೊಂದು ಗಾಲಿ ಇರುವ ಚಿಕ್ಕ ಯಂತ್ರ. ಗೋಡೆ ಪ್ಲಾಸ್ಟರ್ ಆಗುವ ಮುಂಚೆ ಡ್ರೈನ್ ಪೈಪಿಗೆ ಒಂದು ತೂತು ಬಿಡಿಸಬೇಕು, ಇಲ್ಲದಿದ್ದರೆ ದಿನಾ ಬಕೆಟ್ ಎತ್ತಿ ಸುರಿಯುವ ಕೆಲಸ ಅತ್ತಿಗೆಯ ಪಾಲಿಗೆ ಬೀಳುತ್ತದೆ. ಡಬ್ಬದ ಮೇಲೆ ಬರೆದ ಲೀಟರ್ ಲೆಕ್ಕವನ್ನು ಹಾಗೇ ನಂಬಬೇಡಿ. ಎಷ್ಟೋ ಕಂಪನಿಗಳು 30 ಡಿಗ್ರಿ, 80 ಪರ್ಸೆಂಟ್ ತೇವದಲ್ಲಿ ಅಳೆದು ಬರೆಯುತ್ತವೆ, ಜುಲೈ ತಿಂಗಳ ನಮ್ಮೂರ ಚಳಿಯಲ್ಲಿ ಅದಕ್ಕಿಂತ ಬಹಳ ಕಡಿಮೆ ಬರುತ್ತದೆ. ಅದಕ್ಕೂ ಮೊದಲು ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ತಗೊಳ್ಳಿ, ಬೆಲೆ ಕಡಿಮೆಯೇ. ಕಾಫಿಯ ಮಾಯಿಶ್ಚರ್ 10-11 ಪರ್ಸೆಂಟಿಗೆ ಬಂತಾ ಅಂತ ಮೀಟರ್ ಹಿಡಿದು ನೋಡುವ ಅಣ್ಣ, ತಾನು ಮಲಗುವ ಕೋಣೆಯದ್ದನ್ನು ಇವತ್ತಿನವರೆಗೆ ನೋಡಿಲ್ಲ.

ಕರೆಂಟ್ ವಿಷಯ ಗೊತ್ತೇ ಇದೆ, ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೋ. ಮನೆಯ ಸಾಧಾರಣ ಇನ್ವರ್ಟರ್ ಮೇಲೆ ಈ ಕಂಪ್ರೆಸರ್ ಹಾಕಬೇಡಿ, ಬಾಗಿಲು ಮುಚ್ಚಿಟ್ಟರೆ ಆ ರೂಮು ಸ್ವಲ್ಪ ದಿನ ತಡೆಯುತ್ತದೆ. ಬಚ್ಚಲ ಒಲೆಯನ್ನಂತೂ ಪ್ಲಾನಿನಿಂದ ತೆಗೆಸಬೇಡ ಅಂತ ಹೇಳಿದ್ದೇನೆ. ಎಂಜಿನಿಯರ್‌ಗೆ ಅದು ಇಷ್ಟ ಇಲ್ಲವಂತೆ, ಟೈಲ್ಸ್ ಕಪ್ಪಾಗುತ್ತದಂತೆ.