ಫಿರಂಗಿಯ ಬಳಿಯಿಂದ ಕಾಣುವ ಯುದ್ಧ: ಕಾದಂಬರಿಯ ಕೆಲಸ ಎಲ್ಲಿಗೆ ಬಂತು

ಕಾರ್ಗಿಲ್ ಯುದ್ಧವನ್ನು ಹಿನ್ನೆಲೆಯಾಗಿಟ್ಟುಕೊಂಡು ನಾನು ಬರೆಯುತ್ತಿರುವ ಕಾದಂಬರಿಯಲ್ಲಿ, ಯುದ್ಧ ನಡೆದ ಲಡಾಖಿನ ದ್ರಾಸ್‌ನ ಭಾಗದ ಎರಡನೆಯ ಕರಡು ಮುಗಿದಿದೆ. ನಾಯಕನ ಊರಿನ ಅಧ್ಯಾಯಗಳು ಅರ್ಧಕ್ಕೆ ಬಂದಿವೆ; ಯುದ್ಧ ಮುಗಿದ 1999ರ ಜುಲೈ 26ರ ನಂತರದ ಭಾಗವನ್ನು ಇನ್ನೂ ಮುಟ್ಟಿಲ್ಲ.

ಈ ಹಂತದಲ್ಲಿ ಆದ ದೊಡ್ಡ ತೀರ್ಮಾನವೆಂದರೆ ಕಥೆ ಫಿರಂಗಿಯ ಬಳಿಯಿಂದ ಕದಲಬಾರದು ಎಂಬುದು. ನಾನು ಆರ್ಟಿಲರಿಯಲ್ಲಿ, ಅಂದರೆ ಸೇನೆಯ ಫಿರಂಗಿ ದಳದಲ್ಲಿದ್ದವನು. ಸೈನಿಕ ಬರೆದ ಯುದ್ಧಕಥೆ ಎಂದೊಡನೆ ಓದುಗರು ಬಂಡೆ ಹತ್ತುವ, ಬಂಕರಿಗೆ ಗ್ರೆನೇಡ್ ಎಸೆಯುವ ದೃಶ್ಯಗಳನ್ನೇ ನಿರೀಕ್ಷಿಸುತ್ತಾರೆ. ಆದರೆ ಗನ್ನಿನ ಹಿಂದೆ ನಿಂತವನಿಗೆ ಶತ್ರುವಿನ ಮುಖವಿರಲಿ, ಹಾರಿಸಿದ ಗುಂಡು ಬಿದ್ದ ಜಾಗವೂ ಎಷ್ಟೋ ಸಲ ಕಾಣುವುದಿಲ್ಲ. ಪದಾತಿ ದಳದ ಜೊತೆ ಮೇಲೆ ಹೋಗಿ ಗುಂಡು ಬೀಳುವುದನ್ನು ಗಮನಿಸುವ ಓಪಿ (ಅಬ್ಸರ್ವೇಶನ್ ಪೋಸ್ಟ್) ಅಧಿಕಾರಿ ರೇಡಿಯೊದಲ್ಲಿ ತಿದ್ದುಪಡಿ ಹೇಳುತ್ತಾನೆ, ಕಮಾಂಡ್ ಪೋಸ್ಟ್ ಅದನ್ನು ಲೆಕ್ಕ ಮಾಡಿ ನಮಗೆ ಅಂಕಿಗಳನ್ನು ಕೊಡುತ್ತದೆ, ನಾವು ನಳಿಗೆಯನ್ನು ಅಷ್ಟಕ್ಕೆ ತಿರುಗಿಸುತ್ತೇವೆ. ಕಥೆಯನ್ನು ಓಪಿಯ ಕಣ್ಣಿನಿಂದ ಹೇಳಿಯೂ ನೋಡಿದೆ. ಅದು ಚುರುಕಾಗಿಯೇ ಓಡಿತು, ಆದರೆ ಯಾರು ಬೇಕಾದರೂ ಬರೆಯಬಹುದಾದ ಕಥೆಯಾಯಿತು. ಹಾಗಾಗಿ ನನ್ನ ನಾಯಕ ಕೆಳಗೇ ಉಳಿದಿದ್ದಾನೆ.

ಕೆಳಗಿನ ಕೆಲಸವೇನೂ ಸಣ್ಣದಲ್ಲ. ಬೊಫೋರ್ಸ್ ಫಿರಂಗಿಯ 155 ಮಿ.ಮೀ. ಗುಂಡು ಒಂದಕ್ಕೆ 40 ಕಿಲೋಗ್ರಾಂಗಿಂತ ಹೆಚ್ಚು ತೂಕ. ದ್ರಾಸ್ ಇರುವುದು ಹತ್ತು ಸಾವಿರ ಅಡಿಗೂ ಮೇಲೆ. ಲಾರಿಯಿಂದ ಗುಂಡು ಇಳಿಸಿ ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತಿತ್ತು. ಗಾಳಿ ತೆಳುವಾದ್ದರಿಂದ ಗುಂಡು ಬಯಲುಸೀಮೆಯಲ್ಲಿ ಹೋಗುವುದಕ್ಕಿಂತ ದೂರ ಹೋಗುತ್ತದೆ. ಗುರಿಯೋ ಕತ್ತಿಯ ಅಲಗಿನಂಥ ಏಣು: ಕೊಂಚ ಹೆಚ್ಚಾದರೆ ಗುಂಡು ಶಿಖರವನ್ನು ದಾಟಿ ಆಚೆಯ ಕಣಿವೆಗೆ ಬಿದ್ದು ವ್ಯರ್ಥವಾಗುತ್ತದೆ, ಕೊಂಚ ಕಡಿಮೆಯಾದರೆ ಹತ್ತುತ್ತಿರುವ ನಮ್ಮವರ ಹತ್ತಿರ ಬೀಳುತ್ತದೆ. ಒಂದೇ ಗುರಿಗೆ ಮತ್ತೆ ಮತ್ತೆ ತಿದ್ದುಪಡಿ ಬರುವ ಎಂಟನೆಯ ಅಧ್ಯಾಯದಲ್ಲಿ ಈ ಆತಂಕವನ್ನು ವಿವರಿಸಲು ಹೋಗದೆ ಅಂಕಿಗಳನ್ನಷ್ಟೇ ಇಟ್ಟಿದ್ದೇನೆ. ನಡುನಡುವೆ ಬಿಸಿ ನಳಿಗೆಯ ವಾಸನೆ, ಕಿವಿಯೊಳಗಿನ ಗುಂಯ್‌ಗುಡುವಿಕೆ, ಪ್ರೆಶರ್ ಕುಕ್ಕರ್ ಇಲ್ಲದೆ ಬೇಯಲೊಲ್ಲದ ಲಂಗರಿನ (ಸೈನಿಕರ ಅಡುಗೆಮನೆಯ) ಬೇಳೆ. ಇಡೀ ಕರಡಿನಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟಿರುವುದು ಈ ಅಧ್ಯಾಯವೇ.

ಮೇಜಿನ ಎದುರಿಗೆ ನಮ್ಮ ಸೇನೆ ಶಿಖರಗಳನ್ನು ಗೆದ್ದುಕೊಂಡ ತಾರೀಖುಗಳ ಪಟ್ಟಿಯೊಂದನ್ನು ಅಂಟಿಸಿಕೊಂಡಿದ್ದೇನೆ: ಜೂನ್ 13 ತೊಲೊಲಿಂಗ್, ಜೂನ್ 20 ಪಾಯಿಂಟ್ 5140, ಜುಲೈ 4 ಟೈಗರ್ ಹಿಲ್. ಇವು ಕಾದಂಬರಿಯಲ್ಲಿ ದೂರದ ಸುದ್ದಿಯಾಗಿ ಮಾತ್ರ ಬರುತ್ತವೆ. ನನ್ನ ಬ್ಯಾಟರಿ, ಅಂದರೆ ಫಿರಂಗಿಗಳ ತುಕಡಿ, ಕಲ್ಪಿತವಾದದ್ದು, ಅದು ಗುಂಡು ಹಾರಿಸುವ ಗುಡ್ಡವೂ ಕಲ್ಪಿತವೇ. ನಿಜವಾದ ಶಿಖರದ ಗೆಲುವನ್ನು ಇಲ್ಲದ ಬ್ಯಾಟರಿಯ ಲೆಕ್ಕಕ್ಕೆ ಬರೆದರೆ ಅಲ್ಲಿ ಪ್ರಾಣ ಕೊಟ್ಟವರ ಪಾಲನ್ನು ಕಿತ್ತುಕೊಂಡಂತಾಗುತ್ತದೆ. ಆತ್ಮಕಥೆ ಬಿಟ್ಟು ಕಾದಂಬರಿಗೆ ಕೈಹಾಕಿದ್ದಕ್ಕೂ ಇದೇ ಬಗೆಯ ಕಾರಣವಿದೆ: ಜೊತೆಗಿದ್ದವರ ಮನೆಯವರು ಇಂದಿಗೂ ಇದ್ದಾರೆ, ಅವರನ್ನು ಗುರುತು ಸಿಗುವಂತೆ ಬರೆಯಲು ನನಗೆ ಮನಸ್ಸಿಲ್ಲ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿವೃತ್ತರನ್ನೂ ಬಿಡುವುದಿಲ್ಲವಾದ್ದರಿಂದ, ತಾಂತ್ರಿಕ ವಿವರಗಳಲ್ಲಿ ಈಗಾಗಲೇ ಬಹಿರಂಗವಾಗಿರುವುದನ್ನು ಮಾತ್ರ ಬಳಸುತ್ತಿದ್ದೇನೆ.

ಊರಿನ ಅಧ್ಯಾಯಗಳು ನಡೆಯುವುದು ಗದಗದ ಕಡೆಯ ಹಳ್ಳಿಯಲ್ಲಿ, ಹೆಸರು ಬಿತ್ತುವ ಜೂನ್ ತಿಂಗಳಿನಲ್ಲಿ. ನಮ್ಮ ದೇಶದ ಜನ ಮನೆಯಲ್ಲಿ ಕುಳಿತು ಟಿ.ವಿ.ಯಲ್ಲಿ ದಿನವೂ ನೋಡಿದ ಮೊದಲ ಯುದ್ಧ ಅದು. ಪತ್ರ ಮಾತ್ರ ಸೇನೆಯ ಅಂಚೆ ವಿಳಾಸವಾದ 56 ಎ.ಪಿ.ಒ. ಮೂಲಕ ನಿಧಾನವಾಗಿಯೇ ಬರಬೇಕು. “ಟೀವ್ಯಾಗ ನಿಮ್ಮ ಹುಡುಗನ ಕಡೀದ ತೋರಸಾಕತ್ತಾರ, ಲಗೂನ ಬಾ ಯಕ್ಕಾ” ಎಂದು ಪಕ್ಕದ ಮನೆಯವಳು ಕೂಗುವ ಹೊತ್ತಿಗೆ ತಾಯಿಯ ಕೈಯಲ್ಲಿರುವುದು ಎಂದೋ ಬರೆದ, ಎಲ್ಲ ಆರಾಮ ಎನ್ನುವ ಇನ್‌ಲ್ಯಾಂಡ್ ಪತ್ರ. ಮಗನಿಗೆ ತನ್ನ ಗುಂಡು ಬಿದ್ದದ್ದು ಕಾಣದು, ತಾಯಿಗೆ ಎಲ್ಲೆಲ್ಲೋ ಬೀಳುವ ಗುಂಡುಗಳು ಕಾಣುತ್ತಿವೆ. ಪತ್ರದ ತಾರೀಖು ಮತ್ತು ಪರದೆಯ ತಾರೀಖುಗಳ ನಡುವಿನ ಅಂತರವೇ ಈ ಭಾಗವನ್ನು ನಡೆಸಬೇಕು. ಸದ್ಯಕ್ಕೆ ತಾಯಿ ಸ್ವಲ್ಪ ಹೆಚ್ಚೇ ಮಾತಾಡುತ್ತಿದ್ದಾಳೆ, ಕತ್ತರಿ ಆಡಿಸಬೇಕಿದೆ.

ಪದಾತಿ ದಳದಲ್ಲಿದ್ದ ಮಡಿಕೇರಿ ಕಡೆಯ ಗೆಳೆಯನೊಬ್ಬನಿಗೆ ದ್ರಾಸ್ ಭಾಗವನ್ನು ಓದಲು ಕೊಟ್ಟಿದ್ದೆ. ಅವನು ಹೆಚ್ಚೇನೂ ಹೇಳಲಿಲ್ಲ. “ನಿಮ್ಮ ಗುಂಡು ಬೀಳ್ತಿದ್ದಷ್ಟು ಹೊತ್ತು ನಮಗೆ ಧೈರ್ಯ ಮಾರಾಯ, ಅದು ನಿಂತ ಮೇಲೆಯೇ ನಿಜವಾದ ಹೆದರಿಕೆ. ಅದನ್ನು ನೀನು ಬರೆದೇ ಇಲ್ಲವಲ್ಲ” ಎಂದ. ಹತ್ತುವವರು ಶತ್ರುವಿನ ಬಂಕರಿನ ಸಮೀಪಕ್ಕೆ ತಲುಪಿದೊಡನೆ ನಮ್ಮ ಗುಂಡು ಅವರಿಗೇ ತಗುಲೀತೆಂದು ಗುರಿಯನ್ನು ಆಚೆಗೆ ಸರಿಸುತ್ತಾರೆ, ಇಲ್ಲವೇ ನಿಲ್ಲಿಸುತ್ತಾರೆ. ಕೊನೆಯ ಆ ದೂರವನ್ನು ಅವರು ತಾವೇ ಕ್ರಮಿಸಬೇಕು. ಗನ್ನಿನ ಬಳಿ ಅದೇ ಹೊತ್ತು ಬಿಡುವಿನ ಹೊತ್ತು. ನೀರು ಕುಡಿಯುತ್ತೇವೆ, ನಳಿಗೆ ಒರೆಸುತ್ತೇವೆ, ಬೀಡಿ ಸೇದುವವರು ಬೀಡಿ ಹಚ್ಚುತ್ತಾರೆ. ಒಂಬತ್ತನೆಯ ಅಧ್ಯಾಯವನ್ನು ಪೂರ್ತಿಯಾಗಿ ಈ ಬಿಡುವಿಗೇ ಮೀಸಲಿಡುತ್ತೇನೆ, ಮತ್ತು ಅಲ್ಲಿಯೂ ಕಥೆ ಮೇಲೆ ಹೋಗದು. ಅದಾದ ಮೇಲೆ ಊರಿನ ಪತ್ರಗಳನ್ನು ತಾರೀಖಿನ ಪಟ್ಟಿಯೊಂದಿಗೆ ತಾಳೆ ನೋಡಿ, ಮಳೆಗಾಲ ಮುಗಿಯುವುದರೊಳಗೆ ಜುಲೈ 26ರ ನಂತರದ ಭಾಗವನ್ನು ಶುರುಮಾಡುವ ಯೋಚನೆಯಿದೆ.