ಎಲ್ಲಾದ್ರೂ ತೋರಿಸಿದ್ಯಾ?

"ನಿಂಗೆ ಯಾಕಮ್ಮ ಇಷ್ಟೊಂದು ಕನಸು ಬೀಳುತ್ತೆ? ಎಲ್ಲಾದ್ರೂ ತೋರಿಸಿದ್ಯಾ?"

ಶಿಡ್ಲಘಟ್ಟದ ಬಸ್ಸಿಗೆ ಕಾಯುವಾಗ ಕೇಳಿದ್ದಾರೆ, ಅಂಗನವಾಡಿ ಬಾಗಿಲಲ್ಲಿ ಕೇಳಿದ್ದಾರೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಕೆಮ್ಮಿಗೆ ತೋರಿಸೋದು ಅಂದರೆ ಡಾಕ್ಟರಿಗೆ. ಕನಸಿಗೆ ತೋರಿಸೋದು ಯಾರಿಗೆ ಅನ್ನೋದು ಕೇಳುವವರ ದನಿ ತಗ್ಗುವುದರಲ್ಲೇ ಗೊತ್ತಾಗುತ್ತೆ. ಚಿಂತಾಮಣಿಯಲ್ಲಿ ಒಂದು ಸೀಮಂತ. ಅಲ್ಲಿ ದನಿಯೂ ತಗ್ಗಲಿಲ್ಲ. ಅತ್ತೆ ಕಡೆಯ ದೊಡ್ಡಮ್ಮ ಒಬ್ಬರು ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಪಂಕ್ತಿಗೆಲ್ಲ ಕೇಳುವ ಹಾಗೆ, "ರಾತ್ರಿ ಕಿರುಚ್ತೀಯಂತೆ?" ಅಂದರು. ದಿಂಬಿನ ಕೆಳಗೆ ಪೊರಕೆ ಇಟ್ಟುಕೊಳ್ಳಬೇಕಂತೆ. ಇಟ್ಟಾಗಿದೆ ದೊಡ್ಡಮ್ಮ. ರಾತ್ರಿ ಎರಡು ಗಂಟೆಗೆ ಒಂದೂವರೆ ವರ್ಷದ ಮಗ ಅದರ ಕಡ್ಡಿ ಕಿತ್ತು ಬಾಯಿಗಿಟ್ಟುಕೊಂಡಿದ್ದ. ಪಂಕ್ತಿಯಲ್ಲಿ ಇದನ್ನು ಹೇಳಲಿಲ್ಲ. "ಹೂಂ" ಅಂದೆ.

ಕಿರುಚಿದ್ದು ನಿಜ. ನಾವು ರೇಷ್ಮೆ ಹುಳು ಸಾಕುವವರು. ಹುಳು ಮೇವು ಬಿಟ್ಟು ಸುಮ್ಮನೆ ಕೂತು ಪೊರೆ ಕಳಚೋದಕ್ಕೆ ಜ್ವರ ಅಂತೀವಿ. ನಾಲ್ಕನೇ, ಅಂದರೆ ಕೊನೇ ಜ್ವರ ಎದ್ದ ಮೇಲೆ ಒಂದು ವಾರ ಅವಕ್ಕೆ ತಿನ್ನೋದೊಂದೇ ಕೆಲಸ; ಇಡೀ ಬೆಳೆಗೆ ಹಾಕುವ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ಆ ವಾರದಲ್ಲೇ ಖಾಲಿ. ಅಂಥ ಒಂದು ರಾತ್ರಿ ಕನಸಿನಲ್ಲಿ ಮಗ ಹಣ್ಣಾಗಿದ್ದ. ಗೂಡು ಕಟ್ಟೋ ಹೊತ್ತಿಗೆ ಹುಳು ಹಣ್ಣಾಗುತ್ತಲ್ಲ, ಹಾಗೆ. ಮೈಯೆಲ್ಲ ತಿಳಿಹಳದಿ, ಬೆಳಕಿಗೆ ಹಿಡಿದರೆ ಒಳಗೆ ಕಾಣುತ್ತೆ. ನಮ್ಮನೆಯವರು ಬಾಗಿಲಲ್ಲಿ ನಿಂತು "ಬೇಗ ಚಂದ್ರಿಕೆಗೆ ಬಿಡು" ಅನ್ನುತ್ತಿದ್ದಾರೆ, ಹುಳು ಗೂಡು ಕಟ್ಟೋ ತಟ್ಟೆಗೆ. ನೀವಾದರೆ ಕಿರುಚುತ್ತಿರಲಿಲ್ಲವಾ?

ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ: ನನಗೆ ಬೀಳುವಷ್ಟೇ ಕನಸು ನಿಮಗೂ ಬೀಳುತ್ತೆ. ರೆಪ್ಪೆ ಮುಚ್ಚಿದ್ದರೂ ಒಳಗೆ ಕಣ್ಣುಗುಡ್ಡೆ ಸರಸರ ಓಡಾಡುವ ಹೊತ್ತೊಂದಿದೆ, ಹೆಚ್ಚುಕಮ್ಮಿ 90 ನಿಮಿಷಕ್ಕೊಮ್ಮೆ ಬರುತ್ತೆ, ಬೆಳಗಿನ ಜಾವಕ್ಕೆ ಉದ್ದವಾಗುತ್ತೆ. ಗಾಢವಾದ ಕನಸುಗಳು ಹೆಚ್ಚಾಗಿ ಆಗಲೇ. ಆ ಹೊತ್ತಲ್ಲಿ ಯಾರಾದರೂ ಎಬ್ಬಿಸಿದರೆ ಕನಸು ನೆನಪಿರುತ್ತೆ, ಮಲಗೇ ಇದ್ದರೆ ಅಳಿಸಿಹೋಗುತ್ತೆ. ನನ್ನನ್ನು ಎಬ್ಬಿಸುವವನು ಇದ್ದಾನೆ. ದೋಷ ಗೀಷ ಏನಿಲ್ಲ.

ಇದನ್ನು ಕಂಡುಹಿಡಿದವನು ಶಿಕಾಗೋದ ಆಸರಿನ್‌ಸ್ಕಿ ಅನ್ನುವ ವಿದ್ಯಾರ್ಥಿ. ಎಂಟು ವರ್ಷದ ತನ್ನ ಮಗನನ್ನೇ ಮಲಗಿಸಿ, ಕಣ್ಣಿನ ಸುತ್ತ ತಂತಿ ಅಂಟಿಸಿ, ತಾನು ಎದ್ದು ಕೂತು ನೋಡಿದ. 1953ರಲ್ಲಿ ಅದು ಅಚ್ಚಾಯಿತು. ಮಗ ಮಲಗಿದ್ದಾಗ ಎದ್ದು ಕೂತ ಅಪ್ಪ! ಓದಿ ನನಗೆ ವಿಜ್ಞಾನಕ್ಕಿಂತ ಅದೇ ಹೆಚ್ಚು ಆಶ್ಚರ್ಯವಾಯಿತು.

ಯಾಕೆಂದರೆ "ರಾತ್ರಿ ಮಗು ಅತ್ತರೆ ಯಾರು ಏಳ್ತಾರೆ?" ಅಂತ ಇಷ್ಟು ದಿನದಲ್ಲಿ ಒಬ್ಬರೂ ನನ್ನ ಕೇಳಿಲ್ಲ. ನಮ್ಮನೆಯವರು ಒಳ್ಳೆಯವರೇ, ಅದರಲ್ಲಿ ಮಾತಿಲ್ಲ. ಹುಳುಮನೆಯಲ್ಲಿ ಇಲಿ ಸರಿದಾಡಿದರೆ ಎದ್ದು ಟಾರ್ಚ್ ಹಿಡಿಯುತ್ತಾರೆ. ಪಕ್ಕದಲ್ಲಿ ಮಗು ಅತ್ತರೆ ಕೇಳಿಸುವುದಿಲ್ಲ, ಅಷ್ಟೇ. ಕಳೆದ ತಿಂಗಳು ಕೂತು ಮಾತಾಡಿದೆವು. ಮೂರು ಗಂಟೆ ಮೇಲೆ ಅವರ ಪಾಳಿ. ಮೊದಲೆರಡು ದಿನ ನಾನೇ ತಿವಿದು ಎಬ್ಬಿಸಬೇಕಾಯಿತು, ಈಗ ತಾವೇ ಏಳುತ್ತಾರೆ. ಈಗ ನನ್ನ ಕನಸು ಯಾವುದೂ ನನಗೆ ನೆನಪಿರಲ್ಲ. ಮೊನ್ನೆ ಬೆಳಿಗ್ಗೆ ಕಾಫಿ ಕುಡಿಯುತ್ತಾ ಅವರೇ "ವಿಚಿತ್ರ ಕನಸು ಕಣೇ" ಅಂದರು.

ಎಲ್ಲಾದ್ರೂ ತೋರಿಸ್ರೀ ಅಂದೆ.

ಇವತ್ತು ಹುಳು ಮೂರನೇ ಜ್ವರಕ್ಕೆ ಕೂತಿವೆ. ಏಳುವವರೆಗೆ ಸೊಪ್ಪು ಹಾಕೋ ಹಾಗಿಲ್ಲ. ನಾಳೆ ಮಧ್ಯಾಹ್ನದವರೆಗೆ ನನಗೆ ಫೋನ್ ಮಾಡಬೇಡಿ.